ಬ್ರೇಕಮ್ಮನ ಮುಂದಿನ ಗಾಜು

ನನ್ನ ಅತ್ತಿಗೆಯನ್ನು ಊರಿನಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಬ್ರೇಕಮ್ಮ ಎನ್ನುತ್ತಾರೆ. ಬೆನ್ನ ಹಿಂದೆ ಅಲ್ಲ, ಎದುರಿಗೇ ಎನ್ನುತ್ತಾರೆ, ಅವಳೂ ಏನು ಎಂದು ತಿರುಗಿ ಕೇಳುತ್ತಾಳೆ. ಕಾರು ಓಡಿಸುವುದನ್ನು ಕಲಿಸುವುದು ಅವಳ ಕೆಲಸ. ಅವಳ ಕಾರಿನಲ್ಲಿ ಕಲಿಯುವವರ ಕಾಲಡಿ ಒಂದು ಬ್ರೇಕು, ಪಕ್ಕದ ಸೀಟಿನಲ್ಲಿ ಕೂರುವ ಅವಳ ಕಾಲಡಿ ಇನ್ನೊಂದು. ಆ ಎರಡನೆಯ ಬ್ರೇಕಿನ ಮೇಲೆ ಅವಳ ಬಲಗಾಲು ಇಷ್ಟು ವರ್ಷ ಇದ್ದೂ ಇದ್ದೂ, ಮನೆಯಲ್ಲಿ ಸೋಫಾ ಮೇಲೆ ಕೂತು ಟಿವಿ ನೋಡುವಾಗ ಅದರಲ್ಲಿ ಯಾರಾದರೂ ಜೋರಾಗಿ ಗಾಡಿ ಓಡಿಸಿದರೂ ಸರಿ, ಆ ಕಾಲು ನೆಲವನ್ನು ಒತ್ತುತ್ತದೆ. ನಾನು ನೋಡಿ ನಗುತ್ತೇನೆ. ಅವಳಿಗೆ ಅದು ಗೊತ್ತೂ ಆಗುವುದಿಲ್ಲ.

ಅವಳು ಕಲಿಸುವ ರೀತಿಯೆಂದರೆ ಬಯ್ಯುವುದು. ಡಾಕ್ಟರಿರಲಿ, ವಕೀಲರಿರಲಿ, ಮೊಮ್ಮಕ್ಕಳನ್ನು ಕಂಡ ಮೇಲೆ ಕಲಿಯಲು ಬಂದ ಅಜ್ಜಿಯಿರಲಿ, ಸ್ಟೀರಿಂಗ್ ಹಿಡಿದ ಮೇಲೆ ಅವಳ ಬಾಯಿಗೆ ಎಲ್ಲರೂ ಒಂದೇ. "ಕನ್ನಡಿ ಇಟ್ಟಿರೋದು ಕೂದಲು ಬಾಚ್ಕೊಳ್ಳೋಕಾ?" "ಗೇರು ಅದು, ಹಿಟ್ಟು ಕಲಸ್ತಿದ್ದೀರಾ?" ಹೀಗೆ ಸಾಗುತ್ತದೆ ಪಾಠ. ಇಷ್ಟು ಬಯ್ಯಿಸಿಕೊಂಡೂ ಯಾರೂ ಅವಳ ಮೇಲೆ ಮುನಿಸಿಕೊಂಡಿದ್ದನ್ನು ನಾನು ಕಂಡಿಲ್ಲ. ಪರೀಕ್ಷೆ ಪಾಸಾಗಿ, ಸ್ವಂತ ಗಾಡಿಯಲ್ಲಿ ಮನೆಯ ಮುಂದೆ ಬಂದು, ಹಾರನ್ ಹೊಡೆದು ಕೈ ಬೀಸಿ ಹೋಗುತ್ತಾರೆ. ತಪ್ಪನ್ನು ತಪ್ಪಾದ ಜಾಗದಲ್ಲೇ ಹೇಳಬೇಕು ಎನ್ನುವುದು ಅವಳ ನಿಯಮ. "ಮುಂದಿನ ಸಿಗ್ನಲ್ ತನಕ ಇಟ್ಕೊಂಡ್ರೆ ಹಳಸಿ ಹೋಗುತ್ತೆ" ಎನ್ನುತ್ತಾಳೆ.

ಅವಳ ಕೈಯಲ್ಲಿ ಕಲಿಯದೆ ಉಳಿದವಳೆಂದರೆ ನಾನೊಬ್ಬಳೇ. ಎರಡನೆಯ ಪಾಠದಲ್ಲೇ ನಾನು ಕಾರು ನಿಲ್ಲಿಸಿ, ಇಳಿದು, ಬಾಗಿಲನ್ನು ದಡಾರನೆ ಹಾಕಿ ಮನೆಗೆ ನಡೆದು ಬಂದೆ. ಅವಳಿಗೆ ಬಾಯಿದ್ದರೆ ನನಗೇನು ಇಲ್ಲವೇ? ಹೊಲಿಗೆ ಕೆಲಸದವಳು ನಾನು, ಅಣ್ಣನ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಬಸ್ಸಿನಲ್ಲಿ ಓಡಾಡುತ್ತೇನೆ, ಸುಖವಾಗಿದ್ದೇನೆ. ಅತ್ತಿಗೆಗೂ ನನಗೂ ವಯಸ್ಸಿನಲ್ಲಿ ಅಂಥ ಅಂತರವಿಲ್ಲ, ಏಕವಚನದಲ್ಲೇ ಜಗಳ, ಏಕವಚನದಲ್ಲೇ ರಾಜಿ.

ಕಾರಿನ ಬಗ್ಗೆ ಹೇಳದಿದ್ದರೆ ಅವಳಿಗೆ ಬೇಜಾರಾಗುತ್ತದೆ. ಅದು ಒಂದು ಕಾಲಕ್ಕೆ ಬಿಳಿಯದಾಗಿತ್ತು, ಈಗ ಹಾಲಿಗೆ ಸ್ವಲ್ಪ ಟೀ ಬಿದ್ದ ಬಣ್ಣ. ಕಿಟಕಿ ಇಳಿಸಬೇಕಾದರೆ ಹಿಡಿಕೆ ತಿರುಗಿಸಬೇಕು. ಚಳಿಗಾಲದ ಬೆಳಿಗ್ಗೆ ಹೊರಡುವ ಮೊದಲು ಒಂದೆರಡು ಸಲ ಕೆಮ್ಮುತ್ತದೆ. ಹೊಸದು ತಗೋ ಎಂದು ಹೇಳಿದವರಿಗೆಲ್ಲ ಅವಳ ಉತ್ತರ ಸಿದ್ಧವಾಗಿರುತ್ತದೆ: "ಹೊಸ ಕಾರು ಎಲ್ಲಾ ತಾನೇ ಮಾಡಿಬಿಡುತ್ತೆ. ಮಳೆ ಬಂದ್ರೆ ವೈಪರ್ ತಾನೇ ಎದ್ದು ಕುಣಿಯುತ್ತೆ. ಕಲಿಯೋನು ಏನು ಕಲೀತಾನೆ? ಇದು ನೀನು ಹೇಳಿದಷ್ಟೇ ಮಾಡುತ್ತೆ, ತಪ್ಪು ಮಾಡಿದ್ರೆ ಕೂಗುತ್ತೆ. ಇದಕ್ಕಿಂತ ಒಳ್ಳೆ ಮೇಷ್ಟ್ರು ಎಲ್ಲಿ ಸಿಗ್ತಾರೆ?" ಆ ಕಾರಿನ ವಿಷಯದಲ್ಲಿ ಅವಳ ಮುಂದೆ ಯಾರೂ ಕೆಮ್ಮುವಂತಿಲ್ಲ, ಕಾರೊಂದನ್ನು ಬಿಟ್ಟು.

ಇನ್ನು ನನ್ನ ಅಣ್ಣ. ಅವನದು ಕನ್ನಡಕದ ಅಂಗಡಿ. ಅಂಗಡಿಯಾಗಿತ್ತು ಎನ್ನಬೇಕು. ಕನ್ನಡಕದ ಕಾಲಿಗೆ ಹಾಕುವ ಸ್ಕ್ರೂ ನೋಡಿದ್ದೀರಲ್ಲ, ಸಾಸಿವೆ ಕಾಳಿಗಿಂತ ಚಿಕ್ಕದು. ಒಂದು ದಿನ ಅದು ಅವನ ಬೆರಳ ತುದಿಯಿಂದ ಜಾರಿ ಬಿತ್ತು. ಇನ್ನೊಂದು ತೆಗೆದುಕೊಂಡ, ಅದೂ ಬಿತ್ತು. ಕೈ ನಡುಗತೊಡಗಿತ್ತು. ಡಾಕ್ಟರು ಮಾತ್ರೆ ಕೊಟ್ಟರು, ನಡುಕ ಕಡಿಮೆಯಾಯಿತೇ ಹೊರತು ಹೋಗಲಿಲ್ಲ. ಕೆಲವು ತಿಂಗಳು ತಡೆದು ನೋಡಿ, ಯಾರಿಗೂ ಹೇಳದೆ ಅಂಗಡಿಯ ಶಟರ್ ಎಳೆದು, ಮಿಕ್ಕ ಸಾಮಾನನ್ನು ಒಂದು ಪೆಟ್ಟಿಗೆಯಲ್ಲಿ ತುಂಬಿಕೊಂಡು ಮನೆಗೆ ಬಂದ. ಲೆನ್ಸ್ ಒರೆಸುವ ಮೆತ್ತನೆಯ ಬಟ್ಟೆಗಳು, ಸ್ಪಿರಿಟ್ಟು, ಪುಟ್ಟ ಪುಟ್ಟ ಶೀಷೆಗಳು.

ಅಂದಿನಿಂದ ನಮ್ಮ ಮನೆಯ ದನಿ ಇಳಿಯಿತು. ಅಣ್ಣನ ಜೊತೆ ಎಲ್ಲರೂ ಮೆಲ್ಲಗೆ ಮಾತಾಡತೊಡಗಿದರು. ಯಾರ ಜೊತೆಗೂ ಮೆಲ್ಲಗೆ ಮಾತಾಡದ ನಾನೂ ಮಾತಾಡಿದೆ. ಟೀ ಲೋಟವನ್ನು ಮುಕ್ಕಾಲು ಮಾತ್ರ ತುಂಬಿಸಿ ಕೊಡುತ್ತಿದ್ದೆವು, ಚೆಲ್ಲಿದರೆ ಕಾಣದವರಂತೆ ಇರುತ್ತಿದ್ದೆವು. ಅಣ್ಣನಿಗೆ ಮದುವೆಯಾದ ಹೊಸದರಿಂದ ಒಂದು ಕೆಟ್ಟ ಅಭ್ಯಾಸ. ಸ್ನಾನ ಮಾಡಿ ಬಂದು ಒದ್ದೆ ಟವೆಲ್ಲನ್ನು ಹಾಸಿಗೆಯ ಮೇಲೆ ಎಸೆಯುವುದು. ಅದಕ್ಕೆ ಅತ್ತಿಗೆ ಬೆಳಿಗ್ಗೆ ಬೆಳಿಗ್ಗೆ ಮಂಗಳಾರತಿ ಎತ್ತುತ್ತಿದ್ದುದು ಬೀದಿಯ ಕೊನೆಯ ಮನೆಗೂ ಕೇಳುತ್ತಿತ್ತು. ಅಂಗಡಿ ಮುಚ್ಚಿದ ಮೇಲೆ ಅದೂ ನಿಂತಿತು. ಟವೆಲ್ಲು ಹಾಸಿಗೆಯ ಮೇಲೇ ಬಿದ್ದಿರುತ್ತಿತ್ತು, ಅವಳು ಸದ್ದಿಲ್ಲದೆ ಎತ್ತಿ ತಂತಿಯ ಮೇಲೆ ಒಣಗಹಾಕಿ ಪಾಠಕ್ಕೆ ಹೋಗುತ್ತಿದ್ದಳು.

ಅಣ್ಣ ತನಗೆ ತಾನೇ ಒಂದು ಕೆಲಸ ಹುಡುಕಿಕೊಂಡ. ಬೆಳಿಗ್ಗೆ ಎದ್ದು, ಪೆಟ್ಟಿಗೆಯಿಂದ ಬಟ್ಟೆ ತೆಗೆದು, ಕಾರಿನ ಗಾಜುಗಳನ್ನು ಒರೆಸುವುದು. ಕಾರಿನ ಉಳಿದ ಮೈ ಹೇಗಿದ್ದರೂ ಅವನಿಗೆ ಚಿಂತೆಯಿಲ್ಲ, ಗಾಜು ಮಾತ್ರ ಗಾಜಿನ ಹಾಗಿರಬೇಕು. ಬಗ್ಗಿ, ಓರೆಯಾಗಿ ನೋಡಿ, ಬಾಯಿಂದ ಹಾ ಎಂದು ಉಸಿರು ಬಿಟ್ಟು, ಮತ್ತೆ ಒರೆಸುತ್ತಿದ್ದ. ನಾನು ಹೊಲಿಗೆ ಯಂತ್ರದ ಮುಂದೆ ಕೂತು ಕಿಟಕಿಯಿಂದ ನೋಡುತ್ತಿದ್ದೆ. ಅಷ್ಟು ಹೊತ್ತು ಅವನ ಕೈ ನಡುಗುವುದು ಅವನಿಗೂ ಮರೆತುಹೋದ ಹಾಗೆ ಕಾಣುತ್ತಿತ್ತು.

ಹೀಗಿರುವಾಗ ಕಾರಿನ ವರ್ಷದ ತಪಾಸಣೆ ಬಂತು. ಕಲಿಸುವ ಗಾಡಿಗೆ ಈ ತಪಾಸಣೆ ಬಿಗಿ. ಬ್ರೇಕು, ದೀಪ, ಟೈರು, ಎಲ್ಲದರಲ್ಲೂ ಕಾರು ಸಲೀಸಾಗಿ ಪಾಸಾಯಿತಂತೆ. ಕೊನೆಗೆ ತಪಾಸಣೆ ಅಧಿಕಾರಿ, "ಗಾಜಿಗೆ ನೀರು ಬಿಡಿ" ಎಂದರು. ಅತ್ತಿಗೆ ಸ್ಟೀರಿಂಗ್ ಪಕ್ಕದ ಕಡ್ಡಿ ಎಳೆದಳು. ಎಲ್ಲೋ ಝುಂಯ್ ಎಂದು ಸದ್ದು ಬಂತು, ನೀರು ಮಾತ್ರ ಜಪ್ಪಯ್ಯ ಅಂದರೂ ಬರಲಿಲ್ಲ. ಅವರೇ ಬಾಟಲಿಯಿಂದ ಗಾಜಿನ ಮೇಲೆ ನೀರು ಸುರಿದು ವೈಪರ್ ಹಾಕಿಸಿದರು. ವೈಪರ್ ಸರಾಗವಾಗಿ ಸರಿಯುವ ಬದಲು ಗರ್ ಗರ್ ಗರ್ ಎಂದು ಕುಪ್ಪಳಿಸುತ್ತಾ ಹೋಯಿತು, ಹೋದ ದಾರಿಯಲ್ಲೆಲ್ಲ ಗೆರೆ ಗೆರೆ ಮಬ್ಬು ಉಳಿಸಿತು.

ಅಧಿಕಾರಿ ಒಳ್ಳೆಯ ಮನುಷ್ಯರೇ. "ಅಮ್ಮಾ, ಮಿಕ್ಕಿದ್ದೆಲ್ಲಾ ಸರಿಯಾಗಿದೆ. ಆದ್ರೆ ಕಲಿಯೋರು ಕೂರೋ ಗಾಡಿ, ಮಳೇಲಿ ಮುಂದೆ ಕಾಣ್ಲಿಲ್ಲ ಅಂದ್ರೆ ಹೇಗೆ? ಮುಂದಿನ ವಾರ ಇನ್ನೊಂದು ಸಲ ತನ್ನಿ. ಅವತ್ತೂ ಆಗ್ಲಿಲ್ಲ ಅಂದ್ರೆ ಈ ಗಾಡಿ ಮೇಲಿನ ಬೋರ್ಡು ತೆಗೆಸಬೇಕಾಗುತ್ತೆ," ಎಂದರಂತೆ. ಬೋರ್ಡು ಎಂದರೆ ಕಾರಿನ ನೆತ್ತಿಯ ಮೇಲಿರುವ, ಕೆಂಪಕ್ಷರದಲ್ಲಿ ಚಾಲನಾ ಶಾಲೆ ಎಂದು ಬರೆದಿರುವ ಹಲಗೆ. ಅದು ಹೋದರೆ ಶಾಲೆಯೂ ಹೋಯಿತು. ಈ ಮನೆಯಲ್ಲಿ ಒಂದು ಅಂಗಡಿ ಆಗಲೇ ಮುಚ್ಚಿತ್ತು.

ಎರಡನೆಯ ತಪಾಸಣೆಯ ಹಿಂದಿನ ದಿನ ಗ್ಯಾರೇಜಿನವನು ಬಂದು ನೋಡಿ, ಇಷ್ಟು ಹಳೇ ಗಾಡಿಗೆ ಸಾಮಾನು ಸಿಗುವುದಿಲ್ಲ, ಮೋಟಾರಿನಿಂದ ಹಿಡಿದು ಎಲ್ಲ ಬದಲಾಯಿಸಬೇಕು ಎಂದು ತಲೆಯಾಡಿಸಿದ. ಅತ್ತಿಗೆ ಅವನಿಗೆ ಟೀ ಕೊಟ್ಟು ಕಳಿಸಿದಳು. ಅವನು ಬೀದಿ ತಿರುಗಿದ್ದೇ ತಡ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾನೆಟ್ ಎತ್ತಿದಳು.

"ಬಾ ಇಲ್ಲಿ. ನಾನು ಹೇಳ್ದಾಗ ಕಡ್ಡಿ ಎಳೀಬೇಕು, ಅಷ್ಟೇ. ಅಷ್ಟು ಮಾಡ್ತೀಯಾ, ಇಲ್ಲಾ ಬಾಗಿಲು ಬಡಿದು ಮನೆಗೆ ಹೋಗ್ತೀಯಾ?" ಎಂದಳು ನನಗೆ.

ಹಳೆಯದನ್ನು ಕೆದಕುವುದರಲ್ಲಿ ಅವಳದು ಎತ್ತಿದ ಕೈ. ನಾನು ಡ್ರೈವರ್ ಸೀಟಿನಲ್ಲಿ ಕೂತೆ.

"ಎಳಿ."

ಎಳೆದೆ. ಝುಂಯ್.

"ಕೇಳಿಸ್ತಾ? ಪಂಪು ಬದುಕಿದೆ. ಕರೆಂಟು ಬರ್ತಿದೆ, ಫ್ಯೂಸು ಸರಿಯಾಗಿದೆ. ಸದ್ದೇ ಬರ್ದೆ ಇದ್ದಿದ್ರೆ ನಾವು ವೈರು ಹಿಡ್ಕೊಂಡು ಹೋಗ್ಬೇಕಿತ್ತು. ಈಗ ನೀರು ಹಿಡ್ಕೊಂಡು ಹೋಗೋಣ." ಅವಳ ದನಿಯಲ್ಲಿ ಅರ್ಧ ಕೆಲಸ ಆಗಿಯೇ ಹೋದ ಧೈರ್ಯವಿತ್ತು. ನೀರಿನ ಡಬ್ಬಿಯ ಮುಚ್ಚಳ ತೆಗೆದು ಒಳಗೆ ನೋಡಿ ಮುಖ ಹಿಂಡಿದಳು. ತಳದಲ್ಲಿ ಹಸಿರು ಪಾಚಿ. ಡಬ್ಬಿ ಬಿಚ್ಚಿ ನಲ್ಲಿಯ ಕೆಳಗೆ ಹಿಡಿದು ತಿಕ್ಕಿ ತೊಳೆದು, ಹೊಸ ನೀರು ತುಂಬಿಸಿದಳು.

"ಎಳಿ."

ಎಳೆದೆ. ನೀರು ಬಂತು, ಗಾಜಿಗಲ್ಲ, ಅವಳ ಮುಖಕ್ಕೆ. ಬಾನೆಟ್ಟಿನ ಕೀಲಿನ ಹತ್ತಿರ ರಬ್ಬರ್ ಪೈಪು ಬಿರುಕು ಬಿಟ್ಟಿತ್ತು. ಎಷ್ಟೋ ಸಾವಿರ ಸಲ ಬಾನೆಟ್ ಎತ್ತಿ ಇಳಿಸಿ, ಪೈಪು ಮಡಚಿ ಮಡಚಿ, ಅದೇ ಜಾಗದಲ್ಲಿ ಸೀಳಿತ್ತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವಳು ಮುಖ ಒರೆಸಿಕೊಂಡು, "ಇದೇ ಬೇಕಾಗಿದ್ದು" ಎಂದಳು. ನಿಜವಾಗಿಯೂ ಅವಳಿಗೆ ಖುಷಿಯಾಗಿತ್ತು. ಸೀಳಿದ ತುಂಡನ್ನು ಕತ್ತರಿಸಿ ತೆಗೆದು, ಹೊಸ ಪೈಪಿನ ತುಂಡನ್ನು ಬಿಸಿನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿ ಎರಡೂ ಕಡೆ ತುರುಕಿದಳು.

ಮತ್ತೆ ಎಳೆದಾಗ ಗಾಜಿನ ಬುಡದ ಎರಡು ತೂತುಗಳಲ್ಲಿ ಎಡಗಡೆಯದರಿಂದ ನೀರು ಚಿಮ್ಮಿತು. ಬಲಗಡೆಯದು ಎರಡು ಹನಿ ಉದುರಿಸಿ ಸುಮ್ಮನಾಯಿತು.

"ನಿನ್ನ ಸೂಜಿ ಕೊಡು," ಎಂದಳು.

"ಯಾವುದು?"

"ಮಣಿ ಪೋಣಿಸೋದು, ತೆಳ್ಳಗಿನದು. ದಪ್ಪದ್ದು ಹಾಕಿದ್ರೆ ತೂತು ಅಗಲ ಆಗಿ ನೀರು ಕಾಲುವೆ ಥರ ಹರಿಯುತ್ತೆ."

ಆ ಸೂಜಿ ನನ್ನ ಪ್ರಾಣ. ಆದರೂ ಕೊಟ್ಟೆ. ತೂತಿನಲ್ಲಿ ಸೇರಿ ಗಟ್ಟಿಯಾಗಿದ್ದ ಸುಣ್ಣದಂಥ ಪುಡಿಯನ್ನು ಅವಳು ಮೆಲ್ಲಗೆ ಕೆರೆದು ತೆಗೆದಳು. ಆಮೇಲೆ ಅದೇ ಸೂಜಿಯಿಂದ ತೂತಿನ ಬಾಯಿಯನ್ನು ಅಷ್ಟಿಷ್ಟೇ ತಿರುಗಿಸಿ, ನೀರು ಗಾಜಿನ ನಡುಮಧ್ಯಕ್ಕಿಂತ ಸ್ವಲ್ಪ ಮೇಲೆ ಬೀಳುವ ಹಾಗೆ ಮಾಡಿದಳು. ಗಾಡಿ ಓಡುವಾಗ ಗಾಳಿ ನೀರನ್ನು ತಳ್ಳುತ್ತದಂತೆ, ಅದಕ್ಕೆ ಲೆಕ್ಕ ಇಟ್ಟುಕೊಳ್ಳಬೇಕಂತೆ. ಎರಡೂ ಕಡೆಯಿಂದ ನೀರು ಒಂದೇ ಎತ್ತರಕ್ಕೆ ಚಿಮ್ಮಿದಾಗ ನಾನೂ ಚಪ್ಪಾಳೆ ತಟ್ಟಿದೆ. ಸೂಜಿ ಮಾತ್ರ ಮೊಂಡಾಗಿ ವಾಪಸು ಬಂತು.

ಉಳಿದದ್ದು ವೈಪರ್. ಅದು ಸಲೀಸಾಗಿ ಬಗ್ಗಲಿಲ್ಲ. ಮೊದಲು ರಬ್ಬರ್ ನೋಡಿದಳು, ಅಂಚು ಗಟ್ಟಿಯಾಗಿ ಹರಿದಿತ್ತು. ಹೊಸ ಬ್ಲೇಡು ಹಾಕಿದಳು. ನೀರು ಬಿಟ್ಟು ಓಡಿಸಿದರೆ, ಗರ್ ಗರ್ ಗರ್. ಬುಡದಲ್ಲಿ ವೈಪರಿನ ಕೈಯನ್ನು ಹಿಡಿದಿಡುವ ನಟ್ಟು ಸಡಿಲವಾಗಿತ್ತು, ಸ್ಪ್ಯಾನರ್ ಹಾಕಿ ಬಿಗಿದಳು. ಒಳಗಿನ ಕೀಲುಗಳಿಗೆ ಗ್ರೀಸ್ ಹಚ್ಚಿದಳು. ವೇಗ ಬಂತು, ಕುಪ್ಪಳಿಕೆ ಹೋಗಲಿಲ್ಲ. ಆಮೇಲೆ ಗಾಜಿನ ಮಟ್ಟಕ್ಕೆ ಕಣ್ಣಿಟ್ಟು, ವೈಪರಿನ ಕೈ ತಿರುಚಿಕೊಂಡಿದೆಯೇ ಎಂದು ನೋಡಿದಳು. "ರಬ್ಬರು ಗಾಜಿನ ಮೇಲೆ ನೆಟ್ಟಗೆ ನಿಂತಿರ್ಬೇಕು. ಆಗ ಹೋಗ್ತಾ ಒಂದು ಕಡೆ, ಬರ್ತಾ ಇನ್ನೊಂದು ಕಡೆ ಬಾಗುತ್ತೆ. ಓರೆ ಇದ್ರೆ ಒಂದು ಕಡೆಗೆ ಮಾತ್ರ ಜಾರುತ್ತೆ, ಇನ್ನೊಂದು ಕಡೆಗೆ ಎಗರುತ್ತೆ," ಎಂದು ನನಗೆ ಪಾಠ ಮಾಡುತ್ತಾ ಕಟಿಂಗ್ ಪ್ಲೇಯರಿನಿಂದ ಕೂದಲೆಳೆಯಷ್ಟು ತಿರುಗಿಸಿದಳು. ಓಡಿಸಿದೆವು. ಗರ್ ಗರ್ ಗರ್.

"ಗ್ಯಾರೇಜಿನವನು ಹೇಳಿದ್ದೇ ಸರಿ ಇರ್ಬೋದು," ಎಂದೆ ನಾನು.

"ಬಾಯಿ ಮುಚ್ಕೊಂಡು ನೀರು ತಾ," ಎಂದಳು.

ಒಂದು ಚೊಂಬು ನೀರು ತಂದು ಗಾಜಿನ ಮೇಲೆ ಸುರಿದೆ. ಅತ್ತಿಗೆ ಗಾಜಿನ ಮೇಲೆ ಬಗ್ಗಿದಳು. ನೀರು ಗಾಜಿನ ಮೇಲೆ ಹರಡಲಿಲ್ಲ. ಮುತ್ತು ಮುತ್ತಾಗಿ ಒಡೆದು, ಉರುಳಿ, ಕೆಳಗಿಳಿದು ಹೋಯಿತು. ಅವಳು ಬೆರಳನ್ನು ಗಾಜಿನ ಮೇಲೆ ಎಳೆದಳು. ಬೆರಳು ಜಾರಿತು, ಹಿಡಿಯಿತು, ಮತ್ತೆ ಜಾರಿತು. ವೈಪರ್ ಮಾಡುತ್ತಿದ್ದುದೂ ಇದನ್ನೇ.

ಇಬ್ಬರೂ ಒಟ್ಟಿಗೆ ಜಗಲಿಯ ಕಡೆ ನೋಡಿದೆವು. ಅಲ್ಲಿ ಅಣ್ಣನ ಪೆಟ್ಟಿಗೆ ಇತ್ತು, ಅದರ ಪಕ್ಕದಲ್ಲಿ ಅರ್ಧ ಖಾಲಿಯಾದ ಪುಟ್ಟ ಶೀಷೆ. ಕನ್ನಡಕದ ಮೇಲೆ ನೀರಿನ ಹನಿ, ಧೂಳು ನಿಲ್ಲದಿರಲೆಂದು ಲೆನ್ಸಿಗೆ ಹಚ್ಚುವ ದ್ರವ ಅದು. ಅಂಗಡಿಯಲ್ಲಿ ಗಿರಾಕಿಗಳಿಗೆ ಪುಕ್ಕಟೆಯಾಗಿ ಹಚ್ಚಿಕೊಡುತ್ತಿದ್ದ, ಅವರು ಮಳೆಯಲ್ಲಿ ನಡೆದು ಹೋಗಿ ಮರುದಿನ ಬಂದು ಹೊಗಳುತ್ತಿದ್ದರು. ಕನ್ನಡಕಕ್ಕೆ ಅದು ಅಮೃತ. ಆದರೆ ಕನ್ನಡಕದ ಮೇಲೆ ವೈಪರ್ ಓಡುವುದಿಲ್ಲವಲ್ಲ. ಜೀವಮಾನವೆಲ್ಲ ಕನ್ನಡಕದ ಗಾಜನ್ನೇ ನೋಡಿದವನಿಗೆ ಅದು ಹೊಳೆಯಲೇ ಇಲ್ಲ. ದಿನಾ ಬೆಳಿಗ್ಗೆ ಪದರದ ಮೇಲೆ ಪದರ ಹಚ್ಚಿ, ಹೆಂಡತಿಯ ಕಾರಿಗೆ ಅತಿ ದೊಡ್ಡ ಕನ್ನಡಕ ತೊಡಿಸಿದ್ದ.

ನಾನು ಅಣ್ಣನನ್ನು ಕೂಗಲು ಬಾಯಿ ತೆರೆದೆ. ಅತ್ತಿಗೆ ನನ್ನ ಪಾದದ ಮೇಲೆ ತನ್ನ ಬಲಗಾಲಿಟ್ಟು ಬಲವಾಗಿ ಒತ್ತಿದಳು.

"ಅವರು ವಾಕಿಂಗ್ ಹೋಗಿದ್ದಾರೆ. ಬರೋದ್ರೊಳಗೆ ಒರೆಸಿಬಿಡೋಣ. ಹೇಳ್ಬೇಡ."

"ಯಾಕೆ?"

"ಅವರಿಗೆ ಉಳಿದಿರೋದು ಇದೊಂದು ಕೆಲ್ಸ. ಇದೂ ತಪ್ಪಾಯ್ತು ಅಂದ್ರೆ ಕುಗ್ಗಿ ಹೋಗ್ತಾರೆ. ನಾಳೆ ತಪಾಸಣೆ ಮುಗೀಲಿ, ಆಮೇಲೆ ಆ ಶೀಷೆಗಳನ್ನ ಹೇಗೋ ಮಾಡಿ ಎಲ್ಲಾದ್ರೂ ಬಚ್ಚಿಡ್ತೀನಿ."

"ಮುಂದಿನ ಸಿಗ್ನಲ್ ತನಕ ಇಟ್ಕೊಂಡ್ರೆ ಹಳಸುತ್ತೆ ಅಂತ ಊರಿಗೆಲ್ಲಾ ಹೇಳ್ತೀಯಲ್ಲ?"

ಅವಳು ಜಗಲಿಗೆ ಹೋಗಿ ಪೆಟ್ಟಿಗೆ ತೆರೆದಳು. ನನಗೆ ಸಿಟ್ಟು ಬಂತು. ಜೊತೆಗೆ ಅವಳ ಮುಖ ನೋಡಿ ಏನೋ ಸಂಕಟವೂ ಆಯಿತು. ಪೆಟ್ಟಿಗೆಯಿಂದಲೇ ಸ್ಪಿರಿಟ್ ತೆಗೆದು, ಬಟ್ಟೆ ಅದ್ದಿ, ಇಬ್ಬರೂ ಕೈ ಸೋಲುವ ತನಕ ಗಾಜನ್ನು ಉಜ್ಜಿದೆವು. ಬೆರಳಿಟ್ಟರೆ ಕಿರ್ ಎನ್ನುವ ಹಾಗಾಯಿತು. ನೀರು ಬಿಟ್ಟು ವೈಪರ್ ಹಾಕಿದರೆ ಸದ್ದೇ ಇಲ್ಲ. ಒಂದು ಸಲ ಹೋಗಿ ಬಂತು, ಆ ಕಡೆಯ ಬೇಲಿಯ ಒಂದೊಂದು ಎಲೆಯೂ ಕಂಡಿತು. ಅತ್ತಿಗೆ ಸ್ಪಿರಿಟ್ಟನ್ನು ಇದ್ದ ಜಾಗದಲ್ಲೇ ಇಟ್ಟು, ಕೈ ತೊಳೆದುಕೊಂಡು ಅಡುಗೆಮನೆಗೆ ಹೋದಳು.

ಮರುದಿನ ಬೆಳಿಗ್ಗೆ ನಾವು ಮೂವರೂ ಹೊರಟೆವು. ತಪಾಸಣೆಯ ದಿನ ಅಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹಿಂದಿನ ಸೀಟಿನಲ್ಲಿ ಕೂರುವುದು ಮೊದಲಿನಿಂದಲೂ ಬಂದ ಪದ್ಧತಿ. ಕಳೆದ ಸಲ ಜ್ವರ ಬಂದು ತಪ್ಪಿಸಿಕೊಂಡಿದ್ದ, ಅದಕ್ಕೇ ಕಾರು ಫೇಲಾಯಿತು ಎಂದು ತಮಾಷೆ ಮಾಡಿದ. ನೀರು ಬರಲಿಲ್ಲ ಎಂದಷ್ಟೇ ಅವನಿಗೆ ಗೊತ್ತಿತ್ತು. ನಾನು ಅವನ ಪಕ್ಕದಲ್ಲಿ ಕೂತೆ. ಆಕಾಶ ತಿಳಿಯಾಗಿತ್ತು, ದಾರಿಯಲ್ಲಿ ವೈಪರಿನ ಅಗತ್ಯವೇ ಬೀಳಲಿಲ್ಲ. ಅತ್ತಿಗೆ ಸ್ಟೀರಿಂಗ್ ಮೇಲೆ ಬೆರಳಿನಿಂದ ತಾಳ ಹಾಕುತ್ತಾ ಓಡಿಸಿದಳು.

ತಪಾಸಣೆಯ ಮೈದಾನದಲ್ಲಿ ಸಾಲಾಗಿ ಗಾಡಿಗಳು ನಿಂತಿದ್ದವು. ನಮ್ಮ ಮುಂದೆ ಇನ್ನೂ ಕೆಲವು ಇದ್ದವು. "ಒಂದು ಸಲ ನೋಡಿಬಿಡೋಣ" ಎಂದು ಅತ್ತಿಗೆ ಕಡ್ಡಿ ಎಳೆದಳು. ಎರಡೂ ಕಡೆಯಿಂದ ನೀರು ಲಕ್ಷಣವಾಗಿ ಚಿಮ್ಮಿತು. ಮುತ್ತು ಮುತ್ತಾಗಿ ಒಡೆಯಿತು. ವೈಪರ್ ಎದ್ದಿತು. ಗರ್ ಗರ್ ಗರ್.

ಕನ್ನಡಿಯಲ್ಲಿ ಅತ್ತಿಗೆಯ ಕಣ್ಣು ಕಂಡಿತು.

"ಏನದು ಸದ್ದು?" ಎಂದ ಅಣ್ಣ. "ಗಾಜು ಮಾತ್ರ ಇವತ್ತು ತುಂಬಾ ಚೆನ್ನಾಗಿದೆ. ನೀವಿಬ್ರೂ ಏಳೋ ಮೊದ್ಲೇ ಎರಡು ಕೈ ಹಚ್ಚಿದ್ದೀನಿ. ಅವರು ಬೇರೆ ಏನು ಹೇಳಿದ್ರೂ ಗಾಜಿನ ಬಗ್ಗೆ ಒಂದು ಮಾತು ಆಡೋ ಹಾಗಿಲ್ಲ."

ಮುಂದಿನ ಗಾಡಿ ಸರಿಯಿತು. ಅತ್ತಿಗೆಯೂ ಅಷ್ಟು ಸರಿಸಿ, ಹ್ಯಾಂಡ್‌ಬ್ರೇಕ್ ಎಳೆದಳು. ಸೀಟಿನಲ್ಲೇ ಪೂರ್ತಿ ಹಿಂದಕ್ಕೆ ತಿರುಗಿದಳು.

"ರೀ, ಆ ಸದ್ದು ನೀವು ಹಚ್ಚಿರೋದ್ರಿಂದ್ಲೇ ಬರ್ತಿರೋದು," ಎಂದಳು. "ಕನ್ನಡಕದ್ದು ಅದು. ಗಾಜು ನುಣ್ಣಗಾಗುತ್ತೆ, ರಬ್ಬರು ಜಾರಿ ಜಾರಿ ಎಗರುತ್ತೆ. ಹೋದ ಸಲ ಫೇಲಾಗಿದ್ದೂ ಅದಕ್ಕೇ."

ಅಣ್ಣ ಗಾಜನ್ನು ನೋಡಿದ. ಅಲ್ಲಿ ಮುತ್ತಿನಂಥ ಹನಿಗಳು ಇನ್ನೂ ನಿಂತಿದ್ದವು. ಗಾಜು ಓದಲು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಎಲ್ಲ ಅರ್ಥವಾಗಿದೆ ಎಂದು ಅವನ ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ನಿನಗೆ ಯಾವಾಗ ಗೊತ್ತಾಯ್ತು?" ಎಂದ.

"ನಿನ್ನೆ ಸಂಜೆ. ನಾವಿಬ್ರೂ ಒರೆಸಿ ತೆಗೆದಿದ್ವಿ."

"ನಿನ್ನೆ ಸಂಜೆ ಗೊತ್ತಾಗಿದ್ದನ್ನ ಇವತ್ತು ಲೈನಲ್ಲಿ ನಿಂತು ಹೇಳ್ತಿದ್ದೀಯಾ?"

"ನಿಮಗೆ ಬೇಜಾರಾಗುತ್ತೆ ಅಂತ..."

"ಬೇಜಾರು," ಎಂದು ಅಣ್ಣ ತಲೆ ತಗ್ಗಿಸಿದ. ಕೈಗಳು ಮಡಿಲಲ್ಲಿ ನಡುಗುತ್ತಿದ್ದವು. ಅವನು ಅವನ್ನು ಬಚ್ಚಿಡಲು ಹೋಗಲಿಲ್ಲ. "ಹಾಸಿಗೆ ಮೇಲೆ ದಿನಾ ಒದ್ದೆ ಟವೆಲ್ ಹಾಕ್ತೀನಲ್ಲ. ಮೊದ್ಲು ಮರೆತು ಹಾಕ್ತಿದ್ದೆ. ಈಗ ಬೇಕಂತ್ಲೇ ಹಾಕ್ತಿದ್ದೀನಿ. ಇವತ್ತಾದ್ರೂ ಬಯ್ತೀಯೇನೋ ಅಂತ ಬಾಗಿಲ ಹಿಂದೆ ನಿಂತು ಕಾಯ್ತೀನಿ. ನೀನು ಸುಮ್ನೆ ಎತ್ಕೊಂಡು ಹೋಗ್ತೀಯ. ನನ್ನ ಕೈ ನಡುಗೋದಕ್ಕೆ ನನಗೆ ಅಷ್ಟು ಬೇಜಾರಾಗಿಲ್ಲ ಕಣೆ. ನೀನು ನನ್ನ ಬಯ್ಯೋದು ಬಿಟ್ಟೆಯಲ್ಲ, ಅದಕ್ಕೆ ಆಗಿದೆ."

ಮುಕ್ಕಾಲು ತುಂಬಿಸಿ ಕೊಟ್ಟ ಟೀ ಲೋಟಗಳೆಲ್ಲ ನನ್ನ ಕಣ್ಣ ಮುಂದೆ ಬಂದವು. ಅತ್ತಿಗೆಯ ಕಣ್ಣು ತುಂಬಿತ್ತು, ಅವಳು ಅದನ್ನು ಒರೆಸಿಕೊಳ್ಳಲಿಲ್ಲ.

ಹಿಂದಿನ ಗಾಡಿಯವನು ಹಾರನ್ ಹೊಡೆದ. ಮುಂದೆ ಇನ್ನೊಂದೇ ಗಾಡಿ ಉಳಿದಿತ್ತು.

ಅಣ್ಣ ಬಾಗಿಲು ತೆರೆದು ಇಳಿದ. ಅಂಗಿಯ ಜೇಬಿನಿಂದ ಸ್ಪಿರಿಟ್ಟಿನ ಪುಟ್ಟ ಬಾಟಲಿ, ಮಡಚಿದ ಬಟ್ಟೆ ತೆಗೆದ. ಅಂಗಡಿ ಮುಚ್ಚಿದರೂ ಅವು ಅವನ ಜೇಬು ಬಿಟ್ಟಿರಲಿಲ್ಲ. ಗಾಜಿನ ಮೇಲ್ತುದಿಯಿಂದ ಶುರುಮಾಡಿ, ಅಗಲವಾಗಿ, ಒಂದೇ ದಿಕ್ಕಿನಲ್ಲಿ ಒರೆಸುತ್ತಾ ಬಂದ. ನಡುಕ ಇತ್ತು. ಸಾಸಿವೆಯಷ್ಟು ಸ್ಕ್ರೂಗೆ ಅದು ದೊಡ್ಡ ನಡುಕ, ಅಷ್ಟಗಲದ ಗಾಜಿಗೆ ಅದು ಲೆಕ್ಕಕ್ಕೇ ಇರಲಿಲ್ಲ. ನಾವಿಬ್ಬರು ಸಂಜೆಯೆಲ್ಲ ಉಜ್ಜಿದ್ದಕ್ಕಿಂತ ಚೊಕ್ಕವಾಗಿ ಗಾಜು ತಿಳಿಯಾಗುತ್ತಾ ಬಂತು.

ಅತ್ತಿಗೆ ಒಳಗಿನಿಂದ ನೋಡುತ್ತಿದ್ದಳು. ಆಮೇಲೆ ಕಿಟಕಿಯ ಹಿಡಿಕೆಯನ್ನು ಗರಗರ ತಿರುಗಿಸಿ ಗಾಜು ಇಳಿಸಿ, ತಲೆ ಹೊರಗೆ ಹಾಕಿದಳು.

"ರೀ! ಆ ಎಡಗಡೆ ಮೂಲೆ ಯಾರು ಒರೆಸ್ತಾರೆ, ನಿಮ್ಮ ತಂಗೀನಾ? ಕಣ್ಣೆಲ್ಲಿದೆ ನಿಮಗೆ? ಇಷ್ಟು ವರ್ಷ ಊರಿಗೆಲ್ಲಾ ಕನ್ನಡಕ ಕೊಟ್ರಿ, ಒಂದು ನಿಮಗೂ ಇಟ್ಕೊಬಾರ್ದಾಗಿತ್ತಾ?"

ದನಿ ಮೊದಲು ಸ್ವಲ್ಪ ಒಡೆದಿತ್ತು. ಕೊನೆಗೆ ಬರುವಷ್ಟರಲ್ಲಿ ಮೈದಾನದ ಆ ತುದಿಯವರೂ ತಿರುಗಿ ನೋಡುವಷ್ಟಾಯಿತು. ಹಾರನ್ ಹೊಡೆಯುತ್ತಿದ್ದವನು ತನಗೇ ಬಯ್ದರೆಂದುಕೊಂಡು ಕೈ ತೆಗೆದ. ಅಣ್ಣ ಎಡಗಡೆ ಮೂಲೆಗೆ ಹೋಗಿ ಒರೆಸಿದ. ಅವನ ಮುಖದಲ್ಲಿ ನಗು ಕಿವಿಯಿಂದ ಕಿವಿಗೆ ಹಬ್ಬಿತ್ತು.

ಅಧಿಕಾರಿ ಬಂದರು. ಒಳಗೆ ಕೂತು ತಾವೇ ಕಡ್ಡಿ ಎಳೆದರು. ನೀರು ಚಿಮ್ಮಿ ಗಾಜಿನ ಮೇಲೆ ತೆಳ್ಳಗೆ ಹರಡಿತು. ವೈಪರ್ ಸದ್ದಿಲ್ಲದೆ ಹೋಗಿ, ಸದ್ದಿಲ್ಲದೆ ಬಂತು. ಅವರು ಇನ್ನೊಂದು ಸಲ ಎಳೆದು ನೋಡಿದರು.

"ಈಗ ಕಾಣುತ್ತಮ್ಮ," ಎಂದರು. "ಯಾರ ಕೈಲಿ ಮಾಡಿಸಿದ್ರಿ?"

"ನೀರು ಬರೋ ಹಾಗೆ ನಾನು ಮಾಡ್ದೆ. ಗಾಜು ನಮ್ಮ ಮನೆಯವರದ್ದು," ಎಂದಳು ಅತ್ತಿಗೆ. "ಕೆಡಿಸಿದ್ದೂ ಅವರೇ, ಸರಿ ಮಾಡಿದ್ದೂ ಅವರೇ."

ಅಣ್ಣ ಪಕ್ಕದಲ್ಲಿ ನಿಂತು ಬಟ್ಟೆ ಮಡಚುತ್ತಿದ್ದ. ಅಧಿಕಾರಿ ಅರ್ಥವಾದವರಂತೆ ತಲೆಯಾಡಿಸಿ, ಮುದ್ರೆ ಒತ್ತಿ ಕೊಟ್ಟು ಮುಂದಿನ ಗಾಡಿಗೆ ಹೋದರು. ಕೆಂಪಕ್ಷರದ ಹಲಗೆ ಕಾರಿನ ನೆತ್ತಿಯ ಮೇಲೇ ಉಳಿಯಿತು. ವಾಪಸು ಬರುವಾಗ ಅಣ್ಣ ಮುಂದಿನ ಸೀಟಿನಲ್ಲಿ, ಎರಡನೆಯ ಬ್ರೇಕಿನ ಪಕ್ಕದಲ್ಲಿ ಕೂತ. "ಅದರ ಮೇಲೆ ಕಾಲಿಟ್ರೆ ನೋಡಿ" ಎಂದು ಅತ್ತಿಗೆ ಅದಕ್ಕೂ ಬಯ್ದಳು.

ಮರುದಿನ ಬೆಳಿಗ್ಗೆ ನಾನು ಕಿಟಕಿಯ ಬಳಿ ಕೂತು ಒಂದು ರವಿಕೆಗೆ ಗುಂಡಿ ಹಚ್ಚುತ್ತಿದ್ದೆ. ಒಳಗಿನಿಂದ ಅತ್ತಿಗೆಯ ದನಿ ಬಂತು. "ರೀ! ಏನ್ರೀ ಇದು! ಹಾಸಿಗೆ ಅಂದ್ಕೊಂಡಿದ್ದೀರಾ, ಬಟ್ಟೆ ಒಣಗಿಸೋ ತಂತಿ ಅಂದ್ಕೊಂಡಿದ್ದೀರಾ?" ಅಲ್ಲಿಂದ ಶುರುವಾಗಿದ್ದು ಮದುವೆಯಾದ ಹೊಸದರ ಟವೆಲ್ಲುಗಳ ತನಕ ಹೋಯಿತು. ಇಷ್ಟು ತಿಂಗಳು ಕೂಡಿಟ್ಟದ್ದನ್ನೆಲ್ಲ ಒಂದೇ ಸಲ ಸುರಿಯುತ್ತಿದ್ದಳು. ಎದುರು ಮನೆಯವರು ಕಿಟಕಿ ತೆರೆದು ನೋಡಿದರು.

ಅಣ್ಣ ಟವೆಲ್ಲು ಹಿಡಿದುಕೊಂಡು ಹೊರಗೆ ಬಂದ. ಅದನ್ನು ತಂತಿಯ ಮೇಲೆ ಹರಡಿ, ಸುಕ್ಕು ಎಳೆದು ನೆಟ್ಟಗೆ ಮಾಡಿ, ಬರೀ ನೀರಿನ ಬಕೆಟ್ಟು ಮತ್ತು ಬಟ್ಟೆ ತೆಗೆದುಕೊಂಡು ಕಾರಿನ ಹತ್ತಿರ ಹೋದ. ಒಳಗೆ ಬಯ್ಗುಳ ಇನ್ನೂ ಮುಗಿದಿರಲಿಲ್ಲ. ಅದು ಚೆನ್ನಾಗಿ ಕೇಳಿಸುವ ಕಡೆಯ ಗಾಜಿನಿಂದ ಅವನು ಒರೆಸಲು ಶುರುಮಾಡಿದ.